ಬದನೆಕಾಯಿ ನಂಜೋ ಅಲ್ಲವೋ? ಕೀಲುವಾತದ ಜೊತೆ ಬದುಕುವವರಿಗೆ ಪರೀಕ್ಷೆ ಮತ್ತು ಊಟದ ಲೆಕ್ಕ

ಮಣ್ಣು ಪರೀಕ್ಷೆ ಮಾಡಿಸದೆ ಗೊಬ್ಬರ ಸುರಿಯಬೇಡಿ ಅಂತ ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಈ ವಾರದ ವಿಷಯ ಬೆಳೆಯದ್ದಲ್ಲ, ಬೆಳೆ ತೆಗೆಯುವ ಕೈಯದ್ದು. ನನಗೀಗ ಮೂವತ್ತಾರು ವರ್ಷ. ತುರುವೇಕೆರೆ ಕಡೆ ಎರಡೂವರೆ ಎಕರೆಯಲ್ಲಿ ತೆಂಗು, ಅದರ ನಡುವೆ ಸೊಪ್ಪು ತರಕಾರಿ. ಐದು ವರ್ಷದಿಂದ ರುಮಟಾಯ್ಡ್ ಆರ್ಥ್ರೈಟಿಸ್ ಅಂದರೆ ಆರ್.ಎ. ಜೊತೆ ಬದುಕುತ್ತಿದ್ದೇನೆ. ನಮ್ಮ ಕಡೆ ಇದನ್ನು ಸಂಧಿವಾತ, ಕೀಲುವಾತ ಅನ್ನುತ್ತಾರೆ. "ಏನು ತಿನ್ನಬೇಕು, ಏನು ಬಿಡಬೇಕು?" ಅಂತ ಓದುಗರು, ಅದರಲ್ಲೂ ಹೆಣ್ಣುಮಕ್ಕಳು, ಕೇಳುತ್ತಲೇ ಇರುತ್ತಾರೆ. ನಾನು ಡಾಕ್ಟರಲ್ಲ. ಆದರೆ ಪರೀಕ್ಷೆ ಮಾಡಿ ನೋಡುವುದು ಹೇಗೆ ಅನ್ನುವುದನ್ನು ತೋಟಗಾರಿಕೆ ಓದುವಾಗ ಕಲಿತಿದ್ದೇನೆ. ಅದು ಇಲ್ಲಿ ಬಹಳ ಉಪಯೋಗಕ್ಕೆ ಬಂತು.

ದುಡಿದ ನೋವೋ, ಕಾಯಿಲೆಯ ನೋವೋ?

ದಿನವಿಡೀ ಕಳೆ ಕಿತ್ತರೆ ಯಾರ ಕೈಯಾದರೂ ನೋಯುತ್ತದೆ. ಆ ನೋವು ಸಂಜೆಗೆ ಹೆಚ್ಚಾಗಿ, ರಾತ್ರಿ ಮಲಗಿ ಎದ್ದರೆ ಇಳಿದಿರುತ್ತದೆ. ಆರ್.ಎ. ನೋವು ಇದಕ್ಕೆ ತದ್ವಿರುದ್ಧ. ಬೆಳಗ್ಗೆ ಎದ್ದಾಗಲೇ ಜಾಸ್ತಿ. ಬೆರಳು ಮಡಚಲು ಆಗುವುದಿಲ್ಲ, ಅರ್ಧ ಗಂಟೆಯಿಂದ ಒಂದು ಗಂಟೆ, ಕೆಲವರಿಗೆ ಇನ್ನೂ ಹೆಚ್ಚು ಹೊತ್ತು ಬಿಗಿತ ಇರುತ್ತದೆ. ಕೈಯಾಡಿಸುತ್ತಾ ಹೋದಂತೆ ಸಡಿಲವಾಗುತ್ತದೆ. ಬೆರಳ ಗಿಣ್ಣು, ಮಣಿಕಟ್ಟು, ಕಾಲ್ಬೆರಳ ಬುಡದಂಥ ಸಣ್ಣ ಕೀಲುಗಳಲ್ಲಿ, ಸಾಮಾನ್ಯವಾಗಿ ಎರಡೂ ಕಡೆ ಒಟ್ಟಿಗೆ ಊತ ಬರುತ್ತದೆ. ಜೊತೆಗೆ ಸುಸ್ತು.

ಕಾರಣ ಸವೆತವಲ್ಲ. ರೋಗದಿಂದ ಕಾಪಾಡಬೇಕಾದ ಶಕ್ತಿಯೇ ನಮ್ಮ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಪ್ರಪಂಚದಲ್ಲಿ 1.8 ಕೋಟಿ ಜನಕ್ಕೆ ಈ ಕಾಯಿಲೆ ಇತ್ತು. ಅವರಲ್ಲಿ 100ಕ್ಕೆ 70 ಜನ ಹೆಂಗಸರು. ಕಳೆ ತೆಗೆಯುವುದು, ಹಾಲು ಕರೆಯುವುದು, ಹೂ ಬಿಡಿಸುವುದು ಎಲ್ಲಾ ಬೆರಳಿನ ಕೆಲಸ, ಅದನ್ನು ಮಾಡುವವರೂ ಹೆಚ್ಚಾಗಿ ಹೆಂಗಸರೇ. "ಕೆಲಸ ಮಾಡಿ ಮಾಡಿ ಹಂಗಾಗಿದೆ ಬಿಡು" ಅಂತ ತಳ್ಳಿಹಾಕುವುದೂ ಇಲ್ಲೇ. ಆರು ವಾರ ಕಳೆದರೂ ಊತ ಇಳಿಯದಿದ್ದರೆ ತಳ್ಳಿಹಾಕಬೇಡಿ. ಒಂದು ಸಲ ಕೊರೆದುಹೋದ ಮೂಳೆ ಮತ್ತೆ ಮೊದಲಿನಂತೆ ಆಗುವುದಿಲ್ಲ.

ಮೊದಲು ರಕ್ತ ಪರೀಕ್ಷೆ

ಸಾಮಾನ್ಯವಾಗಿ ಬರೆದುಕೊಡುವ ಪರೀಕ್ಷೆಗಳು ನಾಲ್ಕು. ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ಹೇಳುತ್ತವೆ, ಯಾವ ಕಾಯಿಲೆಯಿಂದ ಅಂತ ಹೇಳುವುದಿಲ್ಲ. ಆರ್.ಎ. ಫ್ಯಾಕ್ಟರ್ ಈ ಕಾಯಿಲೆ ಇರುವ 100 ಜನರಲ್ಲಿ ಸುಮಾರು 70-80 ಜನರಿಗೆ ಪಾಸಿಟಿವ್ ಬರುತ್ತದೆ. ಉಳಿದವರಿಗೆ ಕಾಯಿಲೆ ಇದ್ದೂ ನೆಗೆಟಿವ್, ಇನ್ನು ಕೆಲವು ಆರೋಗ್ಯವಂತರಿಗೂ ಪಾಸಿಟಿವ್. ನಾಲ್ಕನೆಯದು ಆಂಟಿ ಸಿ.ಸಿ.ಪಿ. ಇದು ಪಾಸಿಟಿವ್ ಬಂದರೆ ಆರ್.ಎ. ಅನ್ನುವ ಅನುಮಾನ ಬಹಳ ಗಟ್ಟಿಯಾಗುತ್ತದೆ. ಯಾವ ಒಂದು ಚೀಟಿಯೂ ತಾನೇ ತೀರ್ಪು ಕೊಡುವುದಿಲ್ಲ. ಊತ, ಅವಧಿ, ರಕ್ತ ಎಲ್ಲಾ ಸೇರಿಸಿ ರುಮಟಾಲಜಿಸ್ಟ್ ಅಥವಾ ಫಿಸಿಶಿಯನ್ ಹೇಳಬೇಕು.

ನಮ್ಮಲ್ಲಿ ಇನ್ನೊಂದು ಗೊಂದಲ ಇದೆ, ಚಿಕುನ್‌ಗುನ್ಯಾ. 2006ರಲ್ಲಿ ರಾಜ್ಯದ ಹಳ್ಳಿಹಳ್ಳಿಗೆ ಹಬ್ಬಿತ್ತಲ್ಲ, ಅದರ ಕೀಲುನೋವು ಕೆಲವರಿಗೆ ತಿಂಗಳುಗಟ್ಟಲೆ ಆರ್.ಎ. ಥರವೇ ಕಾಡುತ್ತದೆ. ಜ್ವರ ಬಂದು ಹೋದ ಮೇಲೆ ನೋವು ಶುರುವಾಗಿದ್ದರೆ ಅದನ್ನು ಡಾಕ್ಟರಿಗೆ ತಪ್ಪದೆ ಹೇಳಿ. ಹಾಗೇ ಒಂದೇ ಕಾಲಿನ ಹೆಬ್ಬೆರಳು ರಾತ್ರೋರಾತ್ರಿ ಕೆಂಪಗೆ ಊದಿಕೊಂಡರೆ ಅದು ಯೂರಿಕ್ ಆಸಿಡ್‌ನ ಗೌಟ್ ಇರಬಹುದು. ಅದರ ಪಥ್ಯ ಬೇರೆ, ಔಷಧ ಬೇರೆ.

ಮಾತ್ರೆ ಬುಡ, ಊಟ ಆಮೇಲೆ

ಸಾವಯವ ಕೃಷಿಕಳು ಮಾತ್ರೆ ನುಂಗುತ್ತಾಳಾ ಅಂತ ಕೇಳಿದವರಿದ್ದಾರೆ. ಹೌದು, ನುಂಗುತ್ತೇನೆ. ಆರ್.ಎ.ಗೆ ಮೊದಲು ಕೊಡುವ ಔಷಧಗಳಲ್ಲಿ ಮೆಥೋಟ್ರೆಕ್ಸೇಟ್ ಮುಖ್ಯ. ಅದು ನೋವು ಮರೆಸುವ ಮಾತ್ರೆಯಲ್ಲ, ಕೀಲು ಹಾಳಾಗುವುದನ್ನೇ ತಡೆಯುವಂಥದ್ದು. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ, ಹಾಗಾಗಿ ಯಾವ ವಾರ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಜೊತೆಗೆ ಫೋಲಿಕ್ ಆಸಿಡ್ ಕೊಡುತ್ತಾರೆ. ಆಗಾಗ ರಕ್ತ, ಲಿವರ್ ಪರೀಕ್ಷೆ ಆಗಲೇಬೇಕು. ಹೆಂಡ ಕೂಡದು. ಬಸುರಿಯರು, ಮಗು ಬೇಕೆನ್ನುವವರು ಇದನ್ನು ತೆಗೆದುಕೊಳ್ಳುವಂತಿಲ್ಲ, ಮೊದಲೇ ಡಾಕ್ಟರಿಗೆ ಹೇಳಬೇಕು.

ಇನ್ನೊಂದು ಎಚ್ಚರಿಕೆ. ಹೆಸರಿಲ್ಲದ ಪೊಟ್ಟಣದಲ್ಲಿ ಬರುವ "ಗಿಡಮೂಲಿಕೆ ಪುಡಿ" ಮೂರೇ ದಿನದಲ್ಲಿ ಊತ ಇಳಿಸಿತು ಅಂದರೆ ಖುಷಿಪಡಬೇಡಿ, ಅನುಮಾನಪಡಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ. ಆಯುರ್ವೇದ ಬೇಕಾದರೆ ಓದಿದ ವೈದ್ಯರ ಹತ್ತಿರ ಹೋಗಿ, ನುಂಗುವ ಇಂಗ್ಲಿಷ್ ಮಾತ್ರೆಯ ಚೀಟಿಯನ್ನೂ ತೋರಿಸಿ.

ಇನ್ನೂರು ಪದಾರ್ಥದ ಪರೀಕ್ಷೆ

ಈಗ ಊಟಕ್ಕೆ ಬರೋಣ. ನಮ್ಮ ಸಂತೆಯಲ್ಲಿ ಸೊಪ್ಪು ಮಾರುವ ಅಕ್ಕ ಒಬ್ಬರಿಗೆ ಇದೇ ಕಾಯಿಲೆ. ಅವರ ಮಗ ಸಾವಿರಾರು ರೂಪಾಯಿ ಕೊಟ್ಟು "ಫುಡ್ ಸೆನ್ಸಿಟಿವಿಟಿ" ಪರೀಕ್ಷೆ ಮಾಡಿಸಿದ. ಅಕ್ಕಿ, ಹಾಲು, ತೊಗರಿ, ಅರಿಶಿನ ಸೇರಿ ನಲವತ್ತು ಪದಾರ್ಥಕ್ಕೆ ಕೆಂಪು ಗುರುತು ಬಂತು. ಪಾಪ, ದಿನಾ ತಿನ್ನುವುದನ್ನೆಲ್ಲಾ ಬಿಟ್ಟು ಎರಡೇ ತಿಂಗಳಲ್ಲಿ ಒಣಗಿಹೋದರು. ಕೀಲು ಮಾತ್ರ ಹಾಗೇ ಇತ್ತು.

ದಿನಾ ತಿನ್ನುವುದಕ್ಕೇ ಕೆಂಪು ಗುರುತು ಯಾಕೆ ಬಂತು? ಈ ಪರೀಕ್ಷೆ ಅಳೆಯುವುದು ಐಜಿಜಿ ಎಂಬ ಪ್ರತಿಕಾಯವನ್ನು. ನಾವು ಏನನ್ನು ತಿನ್ನುತ್ತೇವೋ ಅದಕ್ಕೆ ಐಜಿಜಿ ಇರುವುದು ಸಹಜ. ಅದು ತಿಂದದ್ದರ ಗುರುತು, ಆಗದ್ದರ ಗುರುತಲ್ಲ. ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ 2008ರಲ್ಲೇ ಆಹಾರ ತೊಂದರೆ ಪತ್ತೆಗೆ ಇದನ್ನು ಬಳಸಬೇಡಿ ಅಂದಿದೆ.

ಉಪಯೋಗವಿರುವ ಪರೀಕ್ಷೆಗಳು ಬೇರೆ ಇವೆ. ತಿಂದ ಸ್ವಲ್ಪ ಹೊತ್ತಿಗೇ ದದ್ದು, ತುಟಿ ಊತ, ಉಬ್ಬಸ ಬಂದರೆ ಅದು ಅಲರ್ಜಿ, ಅದಕ್ಕೆ ಚರ್ಮದ ಪರೀಕ್ಷೆ ಅಥವಾ ಐಜಿಇ ರಕ್ತ ಪರೀಕ್ಷೆ. ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ ಆದರೆ ಅದು ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆ ಇರಬಹುದು. ಗೋಧಿಯಿಂದ ಕರುಳು ಹಾಳಾಗುವ ಸೀಲಿಯಾಕ್ ಕಾಯಿಲೆಗೆ ಟಿ.ಟಿ.ಜಿ. ಎಂಬ ರಕ್ತ ಪರೀಕ್ಷೆ ಇದೆ. ಇಲ್ಲೊಂದು ಸೂಕ್ಷ್ಮ: ಗೋಧಿ ತಿನ್ನುತ್ತಿರುವಾಗಲೇ ಈ ಪರೀಕ್ಷೆ ಮಾಡಿಸಬೇಕು. ಬಿಟ್ಟು ತಿಂಗಳುಗಳಾದ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ನೆಗೆಟಿವ್ ಬರಬಹುದು.

ಕೀಲಿನ ಪರೀಕ್ಷೆ ತಟ್ಟೆಯಲ್ಲೇ

ಹಾಗಾದರೆ ಯಾವ ಊಟ ನಮ್ಮ ಕೀಲಿಗೆ ಆಗುವುದಿಲ್ಲ ಅಂತ ತಿಳಿಯುವುದು ಹೇಗೆ? 1991ರಲ್ಲಿ ನಾರ್ವೆ ದೇಶದ ಒಂದು ಅಧ್ಯಯನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 27 ರೋಗಿಗಳಿಗೆ ಮೊದಲು 7-10 ದಿನ ವೈದ್ಯರ ಕಣ್ಗಾವಲಿನಲ್ಲಿ ಉಪವಾಸ. ಆಮೇಲೆ ಎರಡು ದಿನಕ್ಕೊಂದರಂತೆ ಹೊಸ ಪದಾರ್ಥ. ತಿಂದ 2ರಿಂದ 48 ಗಂಟೆಯೊಳಗೆ ನೋವು, ಊತ ಹೆಚ್ಚಾದರೆ ಅದನ್ನು ಕನಿಷ್ಠ ಒಂದು ವಾರ ಬಿಟ್ಟು ಮತ್ತೆ ಕೊಟ್ಟರು. ಮತ್ತೆ ಹೆಚ್ಚಾದರೆ ಮಾತ್ರ ಪಟ್ಟಿಯಿಂದ ತೆಗೆದರು. ಎಂದಿನಂತೆ ಊಟ ಮಾಡಿದ 26 ಜನರ ಗುಂಪೂ ಪಕ್ಕದಲ್ಲಿತ್ತು. ಪಥ್ಯದ ಗುಂಪು ಸಸ್ಯಾಹಾರದಲ್ಲೇ ಮುಂದುವರಿದು, ವರ್ಷದ ಕೊನೆಗೂ ಸುಧಾರಣೆ ಉಳಿಸಿಕೊಂಡಿತ್ತು. ಇದು ಚಿಕ್ಕ ಅಧ್ಯಯನ, ಎಲ್ಲರಿಗೂ ಹೀಗೇ ಆಗುತ್ತದೆ ಅನ್ನುವಂತಿಲ್ಲ. ಮನೆಯಲ್ಲಿ ಉಪವಾಸ ಮಾಡಲು ಹೋಗಬೇಡಿ, ಸಕ್ಕರೆ ಕಾಯಿಲೆ ಇದ್ದವರಂತೂ ಬೇಡವೇ ಬೇಡ. ನಮಗೆ ಬೇಕಾದ್ದು ಅದರ ಕ್ರಮ ಮಾತ್ರ: ಒಂದೊಂದಾಗಿ ಬಿಟ್ಟು, ಒಂದೊಂದಾಗಿ ಸೇರಿಸಿ, ಎರಡನೇ ಸಲ ಖಾತ್ರಿ ಮಾಡಿಕೊಳ್ಳುವುದು.

ನಮ್ಮ ಅತ್ತೆಗೆ ಅನುಮಾನ ಇದ್ದದ್ದು ಬದನೆ ಮೇಲೆ. "ಬದ್ನೆಕಾಯಿ ನಂಜು ಕಣಮ್ಮ, ನಿನ್ ಕೈ ಊದ್ಕೊಳ್ಳೋದು ಅದ್ರಿಂದ್ಲೇ. ಬಿಟ್ ನೋಡು" ಅಂತ ದಿನಾ ಹೇಳೋರು. ಬದನೆ, ಟೊಮ್ಯಾಟೊ, ಆಲೂಗಡ್ಡೆ, ಮೆಣಸಿನಕಾಯಿ ನಾಲ್ಕೂ ಸೊಲನೇಸಿ ಕುಟುಂಬದವು. ಇವು ಆರ್.ಎ. ಹೆಚ್ಚಿಸುತ್ತವೆ ಅನ್ನುವ ಮಾತು ಪರದೇಶದಲ್ಲೂ ಇದೆ, ಗಟ್ಟಿ ಪುರಾವೆ ಇಲ್ಲ. ನನಗೆ ಇದು ಬರೀ ಊಟದ ಪ್ರಶ್ನೆಯೂ ಆಗಿರಲಿಲ್ಲ. ವಾರದ ಸಂತೆಗೆ ಹೋಗುವ ನಮ್ಮ ಮಾಲಿನಲ್ಲಿ ಬದನೆ, ಟೊಮ್ಯಾಟೊದ್ದೇ ಹೆಚ್ಚು ಪಾಲು. ನನ್ನ ಮನೆಯಲ್ಲೇ ನಂಜು ಅಂತಾದರೆ ಗಿರಾಕಿಗೆ ಏನು ಹೇಳಲಿ?

ಹಾಗಾಗಿ ಕಾಯಿಲೆ ಹತೋಟಿಗೆ ಬಂದು ಮಾತ್ರೆಯ ಪ್ರಮಾಣ ಬದಲಾಗದೆ ನಿಂತ ಮೇಲೆ, ಡಾಕ್ಟರಿಗೆ ಹೇಳಿಯೇ ಶುರು ಮಾಡಿದೆ. ಮೂರು ವಾರ ಒಂದು ಪದಾರ್ಥ ಬಿಡುವುದು, ನಾಲ್ಕನೇ ವಾರ ಮೂರು ದಿನ ಚೆನ್ನಾಗಿ ತಿನ್ನುವುದು. ಪುಸ್ತಕದಲ್ಲಿ ದಿನಾ ಐದು ಅಂಕಣ: ಬೆಳಗಿನ ಬಿಗಿತ ಎಷ್ಟು ನಿಮಿಷ, ಊದಿದ ಗಿಣ್ಣು ಎಷ್ಟು, ನಿದ್ದೆ ಎಷ್ಟು ಗಂಟೆ, ಎಷ್ಟು ಹೊತ್ತು ಏನು ಕೆಲಸ, ಮುಟ್ಟಿನ ದಿನವೋ ಅಲ್ಲವೋ. ಒಂದೊಂದು ಪದಾರ್ಥವನ್ನೂ ಹೀಗೆ ಮೂರು ಸಲ ನೋಡಿದೆ.

ಬದನೆ, ಟೊಮ್ಯಾಟೊ: ಮೂರೂ ಸಲ ಏನೂ ವ್ಯತ್ಯಾಸವಿಲ್ಲ. ಹಾಲು: ಏನೂ ಇಲ್ಲ. ಗೋಧಿ: ಎರಡು ಸಲ ಬಿಗಿತ 20 ನಿಮಿಷದಿಂದ 45ಕ್ಕೆ ಏರಿತು, ಮೂರನೇ ಸಲ ಏನೂ ಆಗಲಿಲ್ಲ. ಟಿ.ಟಿ.ಜಿ. ಮೊದಲೇ ನೆಗೆಟಿವ್ ಬಂದಿತ್ತು. ಹಾಗಾಗಿ ಗೋಧಿಯ ಮುಂದೆ "ಅನುಮಾನ" ಅಂತ ಬರೆದಿದ್ದೇನೆ. ದಿನಾ ಚಪಾತಿ ಇಲ್ಲ, ಯುಗಾದಿ ಹೋಳಿಗೆ ಬಿಟ್ಟಿಲ್ಲ. ಪುಸ್ತಕ ಎದ್ದು ತೋರಿಸಿದ್ದು ಬೇರೆಯದನ್ನೇ. ಐದು ಗಂಟೆಗಿಂತ ಕಡಿಮೆ ಮಲಗಿದ ಮರುದಿನ, ಒಂದೇ ಸಮನೆ ಮೂರು ಗಂಟೆ ಕಳೆ ಕಿತ್ತ ಮರುದಿನ ಬಿಗಿತ ಏರಿಯೇ ಏರುತ್ತಿತ್ತು. ಇದು ನನ್ನ ಮೈಯ ಲೆಕ್ಕ. ನಿಮ್ಮದು ಬೇರೆ ಇರಬಹುದು. ಅದಕ್ಕೇ ನಿಮ್ಮ ಪುಸ್ತಕ ನೀವೇ ಬರೆಯಬೇಕು.

ತಟ್ಟೆಯಲ್ಲಿ ಏನಿರಲಿ?

ಅಮೆರಿಕದ ರುಮಟಾಲಜಿ ಕಾಲೇಜು ತನ್ನ 2022ರ ಮಾರ್ಗಸೂಚಿಯಲ್ಲಿ ಮೆಡಿಟರೇನಿಯನ್ ರೀತಿಯ ಊಟವನ್ನು ಸೂಚಿಸಿದೆ. ಬೇರೆ ಕಟ್ಟುನಿಟ್ಟಿನ ಪಥ್ಯಗಳನ್ನು, ಡಬ್ಬಿ ಪೂರಕಗಳನ್ನು ಸೂಚಿಸಿಲ್ಲ. ಗಟ್ಟಿಯಾಗಿ ಒತ್ತಿ ಹೇಳಿರುವುದು ನಿಯಮಿತ ವ್ಯಾಯಾಮವನ್ನು. ಆ ಊಟವನ್ನು ನಮ್ಮ ಅಡುಗೆಮನೆಗೆ ಇಳಿಸುವುದು ಕಷ್ಟವಲ್ಲ:

- ರಾಗಿ ಮುದ್ದೆ, ನವಣೆ, ಸಾಮೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ, 100 ಗ್ರಾಂನಲ್ಲಿ 340 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ. ಸ್ಟೀರಾಯ್ಡ್ ತೆಗೆದುಕೊಂಡವರ ಮೂಳೆಗೆ ಕ್ಯಾಲ್ಸಿಯಂ ಬೇಕೇ ಬೇಕು.
- ದಿನಾ ಸೊಪ್ಪಿನ ಸಾರು, ಕಾಳು. ಬದುವಿನಲ್ಲಿ ಕಳೆಯಾಗಿ ಬರುವ ಗೋಣಿಸೊಪ್ಪನ್ನು ಕಿತ್ತು ಬಿಸಾಡಬೇಡಿ, ಅದರಲ್ಲಿ ಒಮೆಗಾ-3 ಕೊಬ್ಬಿದೆ.
- ಮೀನು ತಿನ್ನುವವರಿಗೆ ವಾರಕ್ಕೆರಡು ಸಲ ಬೂತಾಯಿ, ಬಂಗುಡೆ. ಕರಿಯುವುದಕ್ಕಿಂತ ಸಾರು ಒಳ್ಳೆಯದು. ಮೀನೆಣ್ಣೆಯಿಂದ ನೋವು, ಬಿಗಿತ ಸ್ವಲ್ಪ ಇಳಿಯುತ್ತದೆ ಅಂತ ಅಧ್ಯಯನಗಳು ಹೇಳುತ್ತವೆ. ಸಸ್ಯಾಹಾರಿಗಳಿಗೆ ಅಗಸೆ ಚಟ್ನಿಪುಡಿ, ಆದರೆ ಅದು ಮೀನಿನಷ್ಟು ಕೆಲಸ ಮಾಡುವುದಿಲ್ಲ.
- ಬೇಕರಿ ತಿಂಡಿ, ಸಿಹಿ ಪಾನೀಯ ಕಡಿಮೆ. ಬೀಡಿ, ಸಿಗರೇಟು ಪೂರ್ತಿ ಬಂದ್. ಆರ್.ಎ. ಬರಲು, ಬಿಗಡಾಯಿಸಲು ಹೊಗೆ ದೊಡ್ಡ ಕಾರಣ.

ತೋಟದಲ್ಲಿ ಕೈ ಕಾಪಾಡುವುದು

ಕುಡುಗೋಲು, ಗುದ್ದಲಿ ಹಿಡಿಗೆ ಹಳೆ ಸೈಕಲ್ ಟ್ಯೂಬ್ ಸುತ್ತಿ ದಪ್ಪ ಮಾಡಿ, ಬೆರಳು ಬಿಗಿ ಹಿಡಿಯುವುದು ತಪ್ಪುತ್ತದೆ. ಬಕೆಟ್ಟನ್ನು ಬೆರಳಲ್ಲಿ ನೇತುಹಾಕಿಕೊಳ್ಳುವ ಬದಲು ಮಂಕರಿಯನ್ನು ಎರಡೂ ಮುಂಗೈ ಮೇಲೆ ಹೊರಿ. ಬಿಗಿತ ಬಿಟ್ಟ ಮೇಲೆ ಕೊಯ್ಲಿಗೆ ಇಳಿಯಿರಿ. ಅರ್ಧ ಗಂಟೆಗೊಮ್ಮೆ ಕೆಲಸ ಬದಲಿಸಿ, ಮಲ್ಚಿಂಗ್ ಮಾಡಿ ಕಳೆಯನ್ನೇ ಕಡಿಮೆ ಮಾಡಿ. ಮಾತ್ರೆಯಿಂದ ರೋಗನಿರೋಧಕ ಶಕ್ತಿ ತಗ್ಗಿರುತ್ತದೆ, ಆದ್ದರಿಂದ ಗೊಬ್ಬರ ಮುಟ್ಟುವಾಗ ಗ್ಲೌಸ್, ಬೂಸ್ಟು ಹಿಡಿದ ಹುಲ್ಲು ಕೆದಕುವಾಗ ಮಾಸ್ಕ್ ಇರಲಿ. ಜ್ವರ ಬಂದರೆ ಆ ವಾರದ ಮಾತ್ರೆ ನುಂಗುವ ಮೊದಲು ಡಾಕ್ಟರಿಗೆ ಫೋನ್ ಮಾಡಿ.

ಊಟ ಔಷಧಕ್ಕೆ ಜೊತೆಗಾರ, ಬದಲಿಯಲ್ಲ. ಯಾರೋ ನಂಜು ಅಂದರು ಅಂತ ಒಂದೊಂದೇ ಬಿಡುತ್ತಾ ಹೋದರೆ ಕೊನೆಗೆ ತಟ್ಟೆಯೂ ಖಾಲಿ, ಮೈಯೂ ಖಾಲಿ. ನಾಲ್ಕು ರಕ್ತ ಪರೀಕ್ಷೆ, ಒಂದು ನೋಟ್‌ಬುಕ್, ಮೂರು ತಿಂಗಳ ತಾಳ್ಮೆ ಇದ್ದರೆ ನಿಮ್ಮ ಪಟ್ಟಿ ನಿಮ್ಮ ಕೈಯಲ್ಲಿರುತ್ತದೆ. ನಮ್ಮ ಮನೆಯಲ್ಲಂತೂ ಬದನೆ ಎಣ್ಣೆಗಾಯಿ ನಿಂತಿಲ್ಲ. ಅತ್ತೆ ಈಗಲೂ ಗೊಣಗುತ್ತಲೇ ಬಡಿಸುತ್ತಾರೆ.

ಮುಂದಿನ ವಾರ ಬದನೆಯ ಕಾಯಿಕೊರಕಕ್ಕೆ ಮೋಹಕ ಬಲೆ ಕಟ್ಟುವ ಬಗ್ಗೆ ಬರೆಯುತ್ತೇನೆ.