ಟೈರಿನ ಗಾಳಿ, ಡೀಸೆಲ್ಲಿನ ಲೆಕ್ಕ

ಸೇಡಂ ತಾಲ್ಲೂಕಿನ ಕೋಡ್ಲಾದಿಂದ ಶಹಾಬಾದಿನವರೆಗೆ ಸುಣ್ಣಕಲ್ಲು, ಹಾಸುಗಲ್ಲುಗಳ ವ್ಯವಹಾರವುಳ್ಳವರಿಗೆ ಫೋರ್‌ವೀಲ್ ಜೀಪು ವಿಲಾಸದ ವಸ್ತುವಲ್ಲ. ಮಳೆಗಾಲದಲ್ಲಿ ಎರೆಭೂಮಿಯ ಕೆಸರು ದಾಟಲು ಚಾಲಕನು ಟೈರಿನ ಗಾಳಿ ಇಳಿಸುವುದು ಸರಿಯೇ. ಡಾಂಬರು ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸದಿದ್ದರೆ ನಷ್ಟ ಆರಂಭವಾಗುತ್ತದೆ.

ಗಾಳಿ ಕಡಿಮೆಯಾದ ಟೈರು ಹೆಚ್ಚು ಬಾಗಿ ಬಿಸಿಯಾಗುತ್ತದೆ. ಆ ಶಾಖ ಡೀಸೆಲ್ಲಿನಿಂದಲೇ ಬಂದುದು. ಅಮೆರಿಕದ ಇಂಧನ ಇಲಾಖೆಯ ಅಂದಾಜಿನಂತೆ ಟೈರುಗಳ ಸರಾಸರಿ ಒತ್ತಡ 1 ಪಿಎಸ್‌ಐ ಇಳಿದರೆ ಮೈಲೇಜು ಸುಮಾರು ಶೇ. 0.2ರಷ್ಟು ಕುಗ್ಗುತ್ತದೆ. ಲೀಟರಿಗೆ 12 ಕಿ.ಮೀ.ಯಂತೆ ವರ್ಷಕ್ಕೆ 24,000 ಕಿ.ಮೀ. ಓಡುವ ವಾಹನಕ್ಕೆ 2,000 ಲೀಟರು ಬೇಕು. 8 ಪಿಎಸ್‌ಐ ಕೊರತೆಯಿದ್ದರೆ ಸುಮಾರು 32 ಲೀಟರು ವ್ಯರ್ಥ. ಶೇ. 10ರ ಉಳಿತಾಯವೆಂಬುದು ಉತ್ಪ್ರೇಕ್ಷೆಯ ಮಾತು. ಆದರೂ 2017ರಲ್ಲಿ ಬಂದ ಜಿಎಸ್‌ಟಿಯಿಂದ ಡೀಸೆಲ್ ಹೊರಗಿರುವ ಕಾರಣ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದು. ಹಾಳಾದ ಲೀಟರಿನ ಪೂರ್ಣ ಬೆಲೆ ಖರ್ಚಿಗೇ ಬೀಳುತ್ತದೆ.

ಟೈರಿನ ಸವೆತ ಇದಕ್ಕಿಂತ ದೊಡ್ಡ ಬಾಬತ್ತು. 28,000 ರೂ.ಗಳ ನಾಲ್ಕು ಟೈರುಗಳು 50,000 ಕಿ.ಮೀ. ಬದಲು 40,000ಕ್ಕೇ ಸವೆದವೆಂದಿಟ್ಟುಕೊಂಡರೆ ಕಿಲೋಮೀಟರಿಗೆ 56 ಪೈಸೆಯಿದ್ದ ವೆಚ್ಚ 70 ಪೈಸೆಯಾಗುತ್ತದೆ; ವರ್ಷಕ್ಕೆ 3,360 ರೂ. ಹೆಚ್ಚಿನ ಹೊರೆ. ಮಾಲೀಕರ ಕಣ್ಣಿಗೆ ಬೀಳುವುದು ಮಾತ್ರ ಡೀಸೆಲ್ ಬಿಲ್ಲು.

ಒತ್ತಡವನ್ನು ಬೆಳಿಗ್ಗೆ, ವಾಹನ ಹೊರಡುವ ಮೊದಲೇ ಅಳೆಯತಕ್ಕದ್ದು. ಬೇಸಿಗೆಯಲ್ಲಿ ಓಡಿಬಂದ ಟೈರಿನ ಅಂಕಿ ಸಹಜವಾಗಿ ಏರಿರುತ್ತದೆ. ಆಗ ಗಾಳಿ ಬಿಡುವುದು ತಪ್ಪು. ಅನುಸರಿಸಬೇಕಾದ ಪ್ರಮಾಣ ಸಾಮಾನ್ಯವಾಗಿ ಚಾಲಕನ ಬಾಗಿಲ ಬಳಿಯ ಪಟ್ಟಿಯಲ್ಲಿರುತ್ತದೆ. ಟೈರಿನ ಮೇಲಿನ ಗರಿಷ್ಠ ಅಂಕಿ ಅದಲ್ಲ. ಬೇಕಾದಾಗ ಮಾತ್ರ ಹಾಕುವ ಫೋರ್‌ವೀಲ್ ಗೇರನ್ನು ಒಣ ಡಾಂಬರಿನ ಮೇಲೂ ತೆಗೆಯದಿದ್ದರೆ ಮುಂದಿನ ಹಿಂದಿನ ಚಕ್ರಗಳ ನಡುವೆ ಎಳೆದಾಟವಾಗುತ್ತದೆ. ಗಾಳಿ ಹೆಚ್ಚುಕಡಿಮೆಯಿದ್ದರೆ ಅದು ಇನ್ನಷ್ಟು.