ಲಕ್ಕುಂಡಿಯ ಬಾವಿಗಳು ಮತ್ತು ನಮ್ಮ ರಸ್ತೆಯ ಮಟ್ಟ

ಗ್ರಾಮ ಪಂಚಾಯತಿಗಳ ಮಾನ್ಯ ಸದಸ್ಯರೇ,

ಗದಗದಿಂದ ಕೊಪ್ಪಳದ ಕಡೆಗೆ ಹೆದ್ದಾರಿಯಲ್ಲಿ ಸುಮಾರು 12 ಕಿ.ಮೀ. ಕ್ರಮಿಸಿದರೆ ಲಕ್ಕುಂಡಿ ದೊರೆಯುತ್ತದೆ. ಶಾಸನಗಳಲ್ಲಿ ಇದರ ಹೆಸರು ಲೊಕ್ಕಿಗುಂಡಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಟಂಕಸಾಲೆಯಿದ್ದ ಪಟ್ಟಣವಿದು. ದಾನಚಿಂತಾಮಣಿ ಅತ್ತಿಮಬ್ಬೆಯು ಇಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯದ ಶಾಸನವು 1007ನೆಯ ಇಸವಿಯದು. 12ನೆಯ ಶತಮಾನದ ಕೊನೆಯಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನು ಇದನ್ನು ತನ್ನ ನೆಲೆಯಾಗಿಸಿಕೊಂಡನು. ಕಾಶಿವಿಶ್ವೇಶ್ವರ, ನನ್ನೇಶ್ವರ ಹಾಗೂ ಮಾಣಿಕೇಶ್ವರ ಗುಡಿಗಳು ಇಂದಿಗೂ ಮನೆಗಳ ನಡುವೆಯೇ ನಿಂತಿವೆ. ಮಾಣಿಕೇಶ್ವರ ಗುಡಿಗೆ ಹೊಂದಿಕೊಂಡಿರುವ ಮುಸುಕಿನ ಬಾವಿಯ ಮೆಟ್ಟಿಲುಗಳೂ ಗೋಡೆಯಲ್ಲಿನ ಕಿರುಗುಡಿಗಳೂ ಪ್ರಸಿದ್ಧವಾಗಿವೆ.

ಲಕ್ಕುಂಡಿಯಲ್ಲಿ ನೂರೊಂದು ಗುಡಿ, ನೂರೊಂದು ಬಾವಿ ಎಂಬ ಮಾತಿದೆ. ಸಂಖ್ಯೆ ಏನೇ ಇರಲಿ, ಗುಡಿ ಮತ್ತು ಬಾವಿಗಳನ್ನು ಒಟ್ಟಿಗೆ ಎಣಿಸಿದ ಹಿರಿಯರ ವಿವೇಕವು ಗಮನಾರ್ಹ. ನಾವಾದರೋ ಗುಡಿಯನ್ನು ಸ್ಮಾರಕವೆಂದು ಕಾಣುತ್ತೇವೆ, ಬಾವಿಯನ್ನು ಹಳ್ಳವೆಂದು ಮರೆಯುತ್ತೇವೆ. ಮೆಟ್ಟಿಲು ಬಾವಿಯ ಬಾಯಿ ನೆಲಮಟ್ಟದಲ್ಲಿರುತ್ತದೆ. ಆದುದರಿಂದ ಸುತ್ತಲಿನ ನೆಲ ಎತ್ತರವಾದರೆ ಮೊದಲು ಕೆಡುವುದು ಬಾವಿಯೇ.

ಇಂತಹ ಹಾನಿಯನ್ನು ನಾನು ಬೇರೊಂದು ಗ್ರಾಮದಲ್ಲಿ ಕಣ್ಣಾರೆ ಕಂಡಿದ್ದೇನೆ. ಒಂದೇ ಬೀದಿಗೆ ಮೂರು ಬಾರಿ ಕಾಂಕ್ರೀಟ್ ಹಾಕಲಾಗಿತ್ತು. ಪ್ರತಿ ಬಾರಿಯೂ ಹಳೆಯ ಪದರವನ್ನು ತೆಗೆಯದೆ ಅದರ ಮೇಲೆಯೇ 15 ಸೆಂ.ಮೀ. ಹೊಸ ಪದರ ಬಿದ್ದು, ಬೀದಿಯು ಒಟ್ಟು 45 ಸೆಂ.ಮೀ. ಏರಿತು. ಮಳೆಗಾಲ ಬಂದೊಡನೆ ಚರಂಡಿಯ ನೀರು ಮನೆಗಳ ಹೊಸ್ತಿಲನ್ನು ದಾಟಿತು. ಮೂಲೆಯಲ್ಲಿದ್ದ ಹಳೆಯ ಬಾವಿಯು ಹೂಳಿನಿಂದ ತುಂಬಿತು. ಕೊನೆಯ ಪದರದ ಅಂದಾಜು ಪಟ್ಟಿಯನ್ನು ಪರಿಶೀಲಿಸಿದವನು ನಾನೇ. ಉದ್ದ, ಅಗಲ, ದಪ್ಪಗಳನ್ನು ನೋಡಿದೆ, ಮಟ್ಟವನ್ನು ನೋಡಲಿಲ್ಲ. ಇಂಜಿನಿಯರಿಂಗ್ ಓದಿದವನಿಂದ ಆಗಬಾರದಿದ್ದ ತಪ್ಪು ಅದು.

ಆದಕಾರಣ, ಹಳೆಯ ಊರುಗಳಲ್ಲಿ ರಸ್ತೆ ಕಾಮಗಾರಿಗೆ ಅನುಮೋದನೆ ನೀಡುವ ಮುನ್ನ ಸದಸ್ಯರು ಮೂರು ಪ್ರಶ್ನೆಗಳನ್ನು ಕೇಳಬೇಕು: ಹಳೆಯ ಪದರವನ್ನು ಕಿತ್ತು ತೆಗೆಯಲಾಗುವುದೇ? ಮುಗಿದ ರಸ್ತೆಯ ಮಟ್ಟವು ಮನೆಗಳ ಹೊಸ್ತಿಲಿಗೂ ಬಾವಿಯ ಕಟ್ಟೆಗೂ ಕೆಳಗಿರುವುದೇ? ಮಳೆನೀರು ಕೊನೆಗೆ ಎಲ್ಲಿಗೆ ಸೇರುವುದು?

ಕಾನೂನಿನ ಅಂಶವನ್ನೂ ಅರಿತಿರಬೇಕು. 1958ರ ಪ್ರಾಚೀನ ಸ್ಮಾರಕಗಳ ಕೇಂದ್ರ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಹಳೆಯ ಮನೆಯ ದುರಸ್ತಿಗೆ ಹಾಗೂ ನಿಯಂತ್ರಿತ ಪ್ರದೇಶದ ನಿರ್ಮಾಣಕ್ಕೆ ಸಕ್ಷಮ ಪ್ರಾಧಿಕಾರದ ಮೂಲಕ ಅನುಮತಿ ಪಡೆಯಬೇಕು. ಪಂಚಾಯತಿಯ ಪರವಾನಗಿಯು ಇದಕ್ಕೆ ಬದಲಿಯಲ್ಲ. ಇದನ್ನು ಮೊದಲೇ ತಿಳಿಸದಿದ್ದರೆ, ಸಾಲ ಮಾಡಿ ಅಡಿಪಾಯ ತೋಡಿದ ಬಡ ಕುಟುಂಬವೇ ನಷ್ಟ ಅನುಭವಿಸುತ್ತದೆ.

ಹಾಗೆಂದು ಎಲ್ಲ ಕೆಲಸವೂ ನಿಲ್ಲಬೇಕಿಲ್ಲ. ಚರಂಡಿಯ ನಿರ್ಮಾಣ ಮತ್ತು ಸ್ವಚ್ಛತೆ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರು ಹಾಗೂ ವಿದ್ಯುತ್ ಪೂರೈಕೆಯ ಕಾಮಗಾರಿಗಳನ್ನು ಅದೇ ಅಧಿನಿಯಮವು 'ನಿರ್ಮಾಣ' ಎಂಬ ಪದದ ಅರ್ಥದಿಂದ ಹೊರಗಿಟ್ಟಿದೆ. ಸ್ಮಾರಕದ ಹೆಸರಿನಲ್ಲಿ ಈ ಸೌಲಭ್ಯಗಳನ್ನು ಜನರಿಗೆ ನಿರಾಕರಿಸುವುದು ಸಲ್ಲದು. ಆದರೆ ಸ್ಮಾರಕದ ಸಂರಕ್ಷಿತ ಆವರಣದೊಳಗೆ ಅಗೆಯುವಂತಿಲ್ಲ. ಸಮೀಪದಲ್ಲಿ ಅಗೆಯುವಾಗ ಪುರಾತತ್ವ ಇಲಾಖೆಗೆ ಮೊದಲೇ ತಿಳಿಸುವುದು ಕ್ಷೇಮ. ಅಗೆತದಲ್ಲಿ ಶಾಸನ, ವೀರಗಲ್ಲು ಅಥವಾ ಮೂರ್ತಿ ಕಂಡರೆ ಕೆಲಸ ನಿಲ್ಲಿಸಿ ತಹಶೀಲ್ದಾರರಿಗೂ ಇಲಾಖೆಗೂ ಮಾಹಿತಿ ನೀಡಬೇಕು. ನಿಧಿ ದೊರೆತರೆ 1962ರ ಕರ್ನಾಟಕ ನಿಧಿ ಅಧಿನಿಯಮದಂತೆ ಜಿಲ್ಲಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು.

ಪ್ರತಿ ಊರೂ ಲಕ್ಕುಂಡಿಯಲ್ಲ. ಆದರೂ ಒಂದು ಹಳೆಯ ಬಾವಿ, ಬಟ್ಟೆ ಒಗೆಯುವ ಕಲ್ಲಾಗಿರುವ ಒಂದು ವೀರಗಲ್ಲು, ಹೆಸರು ಮರೆತ ಒಂದು ಅಗಸೆ ಹಲವು ಊರುಗಳಲ್ಲಿವೆ. ತಮ್ಮ ವಾರ್ಡಿನಲ್ಲಿ ಅಂತಹವು ಎಲ್ಲಿವೆ ಎಂಬುದನ್ನು ಹಿರಿಯರಿಂದ ಕೇಳಿ ಪಟ್ಟಿ ಮಾಡಿ, ಮುಂದಿನ ಗ್ರಾಮಸಭೆಯಲ್ಲಿ ಮಂಡಿಸಬೇಕೆಂದು ಕೋರುತ್ತೇನೆ. ಪಟ್ಟಿಯು ನಡಾವಳಿಯಲ್ಲಿ ದಾಖಲಾದರೆ, ಮುಂದೆ ಬರುವ ಅಭಿಯಂತರರು ರಸ್ತೆಯ ಮಟ್ಟವನ್ನು ಅಳೆಯಲು ಮರೆಯಲಾರರು.