ನುಡಿ ಮತ್ತು ಆಲೋಚನೆ: ಒಬ್ಬ ವೈದ್ಯನ ವಿಚಾರ

(ಓಕ್ಲ್ಯಾಂಡಿನಲ್ಲಿ ನಡೆದ ಕನ್ನಡ ಕೂಟದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ನಾವು ಆಡುವ ಭಾಷೆ ನಮ್ಮ ಆಲೋಚನೆಯನ್ನು ರೂಪಿಸುತ್ತದೆಯೇ? ಇದು ಭಾಷಾವಿಜ್ಞಾನಿಗಳ ಪ್ರಶ್ನೆ. ಆದರೂ ವೈದ್ಯನಾದ ನಾನು ಇದರಲ್ಲಿ ತಲೆಹಾಕುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ರೋಗಿಯ ಮಾತನ್ನು ಕೇಳಿಸಿಕೊಳ್ಳುವುದೇ ನಮ್ಮ ವೃತ್ತಿಯ ಮೊದಲ ಹೆಜ್ಜೆ. ಎರಡನೆಯದಾಗಿ, ಮನೆಯಲ್ಲಿ ಕನ್ನಡ ನಿಂತುಹೋದರೆ ಮಕ್ಕಳು ನಿಜವಾಗಿ ಕಳೆದುಕೊಳ್ಳುವುದೇನು ಎಂಬ ಚಿಂತೆ ನಮ್ಮೆಲ್ಲರದು. ಇದಕ್ಕೆ ಅಭಿಮಾನದ ಉತ್ತರ ಸುಲಭ. ವಿಚಾರದ ಉತ್ತರವನ್ನು ಸ್ವಲ್ಪ ಹುಡುಕಬೇಕಾಗುತ್ತದೆ.

ಅಮೆರಿಕದಲ್ಲಿ ಈ ಚರ್ಚೆಯೊಡನೆ ಸೇರಿಕೊಂಡಿರುವ ಹೆಸರುಗಳು ಎಡ್ವರ್ಡ್ ಸಪೀರ್ ಮತ್ತು ಅವರ ಶಿಷ್ಯ ಬೆಂಜಮಿನ್ ಲೀ ವೋರ್ಫ್. ವೋರ್ಫ್ ಅಗ್ನಿವಿಮಾ ಕಂಪನಿಯೊಂದರಲ್ಲಿ ಪರಿಶೀಲಕರಾಗಿದ್ದರು. ಪೆಟ್ರೋಲು ತುಂಬಿದ ಪೀಪಾಯಿಗಳ ಬಳಿ ಎಚ್ಚರದಿಂದಿರುವ ಜನ 'ಖಾಲಿ' ಪೀಪಾಯಿಗಳ ಬಳಿ ಅಜಾಗರೂಕರಾಗಿ ಸಿಗರೇಟು ಸೇದುವುದನ್ನು ಅವರು ಗಮನಿಸಿದರು. ಖಾಲಿ ಪೀಪಾಯಿಯಲ್ಲಿ ಉಳಿದ ಆವಿಯೇ ಹೆಚ್ಚು ಅಪಾಯಕಾರಿ; ಒಂದು ಶಬ್ದ ಅದನ್ನು ಮರೆಸಿತ್ತು. ಆದರೆ ವೋರ್ಫ್ ಇನ್ನೂ ಮುಂದೆ ಹೋಗಿ, ಹೋಪಿ ಜನರ ಭಾಷೆಯಲ್ಲಿ ನಾವು ಕಾಲವೆನ್ನುವುದನ್ನು ಹೇಳುವ ಶಬ್ದಗಳೇ ಇಲ್ಲವೆಂದರು. 1983ರಲ್ಲಿ ಎಕ್ಕೆಹಾರ್ಟ್ ಮಲೋಟ್ಕಿ ಎಂಬ ವಿದ್ವಾಂಸರು ಹೋಪಿ ಭಾಷೆಯ ಕಾಲಸೂಚಕ ಪ್ರಯೋಗಗಳನ್ನು ಒಂದು ದೊಡ್ಡ ಗ್ರಂಥದಲ್ಲಿ ಸಂಗ್ರಹಿಸಿ ಆ ಮಾತನ್ನು ಅಲ್ಲಗಳೆದರು.

ಹಾಗಾದರೆ ಸತ್ಯವೆಲ್ಲಿದೆ? ಅದನ್ನು ಹುಡುಕಿದವರಲ್ಲಿ ಕೆಲವರು ನಮ್ಮ ನೆರೆಯ ಬರ್ಕ್‌ಲಿಯವರೇ. 1969ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಬ್ರೆಂಟ್ ಬರ್ಲಿನ್ ಮತ್ತು ಪಾಲ್ ಕೇ ಅವರು 20 ಭಾಷೆಗಳನ್ನಾಡುವವರನ್ನು, ಬಹುಮಟ್ಟಿಗೆ ಈ ಕೊಲ್ಲಿ ಪ್ರದೇಶದಲ್ಲಿಯೇ ನೆಲೆಸಿದ್ದವರನ್ನು, ಬಣ್ಣಗಳ ಹೆಸರು ಕೇಳಿ ಪರೀಕ್ಷಿಸಿದರು. ಭಾಷೆಗಳು ಎಷ್ಟೇ ಬೇರೆಯಾದರೂ ಬಣ್ಣಗಳ ವಿಭಜನೆಯಲ್ಲಿ ಒಂದು ಸಮಾನ ಕ್ರಮವಿದೆ ಎಂಬುದು ಅವರ ನಿರ್ಣಯ. ಕಣ್ಣು ಎಲ್ಲರದೂ ಒಂದೇ ತಾನೇ! ಆದರೆ 2007ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇನ್ನೊಂದು ಮುಖವನ್ನು ತೋರಿಸಿತು. ನಾವು 'ನೀಲಿ' ಎಂದು ಒಂದೇ ಹೆಸರಿನಿಂದ ಕರೆಯುವುದಕ್ಕೆ ರಷ್ಯನ್ ಭಾಷೆಯಲ್ಲಿ ಎರಡು ಹೆಸರುಗಳಿವೆ, ತಿಳಿ ನೀಲಿಗೊಂದು, ಕಡು ನೀಲಿಗೊಂದು. ಎರಡು ನೀಲಿಗಳು ಎರಡು ಹೆಸರುಗಳಡಿಯಲ್ಲಿ ಬಂದಾಗ ರಷ್ಯನ್ನರು ವ್ಯತ್ಯಾಸವನ್ನು ಹೆಚ್ಚು ಬೇಗ ಗುರುತಿಸಿದರು. ಅದೇ ವೇಳೆಗೆ ಅಂಕಿಗಳನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವ ಕೆಲಸ ಕೊಟ್ಟಾಗ ಈ ಅನುಕೂಲ ಮಾಯವಾಯಿತು. ಎಂದರೆ, ಭಾಷೆ ಕಣ್ಣನ್ನು ಬದಲಿಸುವುದಿಲ್ಲ. ನೋಡುವಾಗ ಪಕ್ಕದಲ್ಲಿ ನಿಂತು ಬೆರಳು ತೋರಿಸುತ್ತದೆ.

ಬರ್ಕ್‌ಲಿಯ ಡಾನ್ ಸ್ಲೋಬಿನ್ ಇದನ್ನು 'ಆಡುವುದಕ್ಕಾಗಿ ಆಲೋಚಿಸುವುದು' ಎಂದು ವಿವರಿಸಿದರು. ಪ್ರತಿಯೊಂದು ಭಾಷೆಯೂ ಬಾಯಿ ತೆರೆಯುವ ಮೊದಲೇ ಕೆಲವು ಸಂಗತಿಗಳನ್ನು ಗಮನಿಸುವಂತೆ ಕಡ್ಡಾಯ ಮಾಡುತ್ತದೆ. 'ಡಾಕ್ಟರು ಬಂದರು' ಎಂದರೆ ಬಂದವರು ಗಂಡೋ ಹೆಣ್ಣೋ ಹೇಳಬೇಕಾಗಿಲ್ಲ, ಆದರೆ ಗೌರವ ಕೊಡಬೇಕೋ ಬೇಡವೋ ಎಂಬುದನ್ನು ನಿರ್ಧರಿಸಲೇಬೇಕು. ಇಂಗ್ಲಿಷಿನ ಸರ್ವನಾಮಗಳಲ್ಲಿ ಇದು ತಿರುಗುಮುರುಗು.

ಈ ಮಾತು ಅತ್ಯಂತ ಸ್ಪಷ್ಟವಾಗುವುದು ನಮ್ಮ ಬಂಧುವಾಚಕಗಳಲ್ಲಿ. ಸಪೀರರಲ್ಲಿ ಭಾಷಾವಿಜ್ಞಾನ ಕಲಿತು, ಮುಂದೆ ಬರ್ಕ್‌ಲಿಯಲ್ಲಿ ಪ್ರಾಧ್ಯಾಪಕರಾದ ಎಂ. ಬಿ. ಎಮೆನೋ ಅವರು 1935ರಿಂದ 1938ರವರೆಗೆ ನೀಲಗಿರಿಯ ತೋಡ, ಕೋತ ಜನರ ನಡುವೆಯೂ ಕೊಡಗಿನಲ್ಲಿಯೂ ಕ್ಷೇತ್ರಕಾರ್ಯ ನಡೆಸಿ, ಕೊಡವರ ಮತ್ತು ತೋಡರ ಬಂಧುತ್ವದ ಬಗ್ಗೆ ಬರೆದರು. ಕನ್ನಡವೂ ಅದೇ ದ್ರಾವಿಡ ಮನೆತನದ್ದು. ಅಣ್ಣನೋ ತಮ್ಮನೋ, ದೊಡ್ಡಪ್ಪನೋ ಸೋದರಮಾವನೋ ಎಂದು ತಿಳಿಯದೆ ನಾವು ಸಂಬಂಧವನ್ನೇ ಹೆಸರಿಸಲಾರೆವು. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ 'ಬ್ರದರ್', 'ಅಂಕಲ್', 'ಕಸಿನ್' ಸಾಕು.

ವೈದ್ಯನಿಗೆ ಇದು ಬರಿಯ ವ್ಯಾಕರಣವಲ್ಲ. ಗಾಯವಾದಾಗ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹೀಮೋಫೀಲಿಯಾ ರೋಗ ಸಾಮಾನ್ಯವಾಗಿ ತಾಯಿಯಿಂದ ಮಗನಿಗೆ ಬರುತ್ತದೆ. ಒಬ್ಬ ಹುಡುಗನ 'ಅಂಕಲ್‌'ಗೆ ಆ ರೋಗವಿತ್ತು ಎಂದರೆ ನಮಗೆ ಏನೂ ತಿಳಿದಂತಾಗಲಿಲ್ಲ. ಸೋದರಮಾವನಿಗಿತ್ತು ಎಂದರೆ ವೈದ್ಯನ ಕಿವಿ ನೆಟ್ಟಗಾಗುತ್ತದೆ. ತಂದೆಯ ತಮ್ಮನಿಗಿದ್ದು ತಂದೆ ಆರೋಗ್ಯವಂತನಾಗಿದ್ದರೆ, ಆ ಕಡೆಯಿಂದ ಹುಡುಗನಿಗೆ ಭಯವಿಲ್ಲ. ಹಾಗೆಂದು ಇಂಗ್ಲಿಷ್ ಆಡುವ ವೈದ್ಯ ಇದನ್ನು ತಿಳಿಯಲಾರನೇ? ಖಂಡಿತ ತಿಳಿಯಬಲ್ಲ, ಇನ್ನೊಂದು ಪ್ರಶ್ನೆ ಕೇಳಬೇಕು, ಅಷ್ಟೇ. ಭಾಷೆಯ ಪ್ರಭಾವವಿರುವುದು ಆ ಒಂದು ಪ್ರಶ್ನೆಯಷ್ಟು. ಆದರೆ ಕೇಳಲು ಮರೆತ ಒಂದು ಪ್ರಶ್ನೆ ಎಷ್ಟು ದುಬಾರಿಯಾಗಬಹುದೆಂಬುದನ್ನು ವೈದ್ಯರೆಲ್ಲ ಬಲ್ಲರು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ನಾವು 'ನನಗೆ ಜ್ವರ ಬಂದಿದೆ' ಎನ್ನುತ್ತೇವೆ. ಆದ್ದರಿಂದ ಕನ್ನಡಿಗನು ರೋಗವನ್ನು ಬಂದು ಹೋಗುವ ಅತಿಥಿಯೆಂದು ಭಾವಿಸುತ್ತಾನೆ ಎಂದು ಭಾಷಣ ಮಾಡಿದರೆ ಚಪ್ಪಾಳೆ ಬೀಳುತ್ತದೆ. ಅದು ವಿಜ್ಞಾನವಾಗುವುದಿಲ್ಲ. ಹಾಗೆಯೇ ಒಂದು ನುಡಿ ಮೇಲು, ಇನ್ನೊಂದು ಕೀಳು ಎಂಬ ತೀರ್ಮಾನಕ್ಕೂ ಇಲ್ಲಿ ಆಧಾರವಿಲ್ಲ. 1996ರ ಡಿಸೆಂಬರ್ 18ರಂದು ಇದೇ ಓಕ್ಲ್ಯಾಂಡಿನ ಶಾಲಾ ಮಂಡಳಿಯು, ಆಫ್ರಿಕನ್ ಅಮೆರಿಕನ್ ಮಕ್ಕಳ ಮನೆಯ ನುಡಿಯನ್ನು ಗುರುತಿಸಿ ಅದರ ಮೂಲಕ ಪ್ರಮಾಣ ಇಂಗ್ಲಿಷನ್ನು ಕಲಿಸಬೇಕೆಂದು ನಿರ್ಣಯಿಸಿದಾಗ ದೇಶವೆಲ್ಲ ಗೇಲಿ ಮಾಡಿತು. ಮರುತಿಂಗಳೇ ಅಮೆರಿಕದ ಭಾಷಾವಿಜ್ಞಾನ ಸಂಘವು, ಆ ನುಡಿಯೂ ಎಲ್ಲ ನುಡಿಗಳಂತೆ ನಿಯಮಬದ್ಧವಾದದ್ದೆಂದು ಸಾರಿತು. ಮನೆಯ ಮಾತು ಮಗುವಿನ ಬುದ್ಧಿಗೆ ಅಡ್ಡಿ ಎಂಬ ಅಂಜಿಕೆಯಿಂದ ಕನ್ನಡವನ್ನು ಕೈಬಿಟ್ಟ ತಂದೆತಾಯಿಗಳು ನಮ್ಮಲ್ಲಿಯೂ ಇದ್ದಾರೆ. ಆ ಅಂಜಿಕೆ ನಿರಾಧಾರವಾದದ್ದು.

ಈಗ ನಮ್ಮ ಮಕ್ಕಳ ಪ್ರಶ್ನೆ. ಕನ್ನಡ ಬಾರದ ಮಗು ಕಡಿಮೆ ಯೋಚಿಸುತ್ತದೆಯೇ? ಇಲ್ಲ. ಆದರೆ ಕನ್ನಡ ಆಡುವ ಮಗುವಿಗೆ ತಾನಾಗಿ ಬರುತ್ತಿದ್ದ ಕೆಲವು ಗಮನಗಳು ಅದಕ್ಕೆ ಬರುವುದಿಲ್ಲ. ನಮ್ಮ ಕೂಟದಲ್ಲಿ ದೊಡ್ಡವರೆಲ್ಲ ಅಂಕಲ್, ಆಂಟಿಗಳಾಗಿದ್ದಾರೆ. ಊರಿನಲ್ಲಿರುವ ಅತ್ತೆಯ ಮಗ, ಚಿಕ್ಕಪ್ಪನ ಮಗಳು ಎಲ್ಲರೂ 'ಕಸಿನ್' ಆಗಿದ್ದಾರೆ.

ಇದಕ್ಕಿಂತ ದೊಡ್ಡ ನಷ್ಟ ಒಂದಿದೆ. ಊರಿನಿಂದ ಬಂದ ಅಜ್ಜಿ ಎದೆ ಹಿಂಡಿದ ಹಾಗಾಗುತ್ತಿದೆ ಎನ್ನುತ್ತಾರೆ. ಮತ್ತೊಂದು ದಿನ ಎದೆ ಉರಿಯುತ್ತಿದೆ, ಹೊಟ್ಟೆ ತೊಳಸುತ್ತಿದೆ, ಕಾಲು ಜೋಮು ಹಿಡಿದಿದೆ ಎನ್ನುತ್ತಾರೆ. ದುಭಾಷಿ ಬರುವವರೆಗೆ ಆಸ್ಪತ್ರೆಯಲ್ಲಿ ಅವರ ಬಾಯಾಗಿ ನಿಲ್ಲುವವಳು ಮೊಮ್ಮಗಳು. ಅವಳಿಗೆ ಗೊತ್ತಿರುವುದು 'ಪೇನ್' ಎಂಬ ಒಂದೇ ಶಬ್ದವಾದರೆ, ಅಜ್ಜಿ ಹೇಳಿದ್ದರಲ್ಲಿ ಬಹುಪಾಲು ದಾರಿಯಲ್ಲೇ ಸೋರಿಹೋಗುತ್ತದೆ. ಹಿಂಡುವ ನೋವಿಗೂ ಉರಿಗೂ ನಾವು ಮಾಡುವ ಪರೀಕ್ಷೆಗಳೇ ಬೇರೆಯಾಗಬಹುದು.

ಆದ್ದರಿಂದ ನನ್ನ ಸಲಹೆ ಸಣ್ಣದು. ಮಕ್ಕಳಿಗೆ ವ್ಯಾಕರಣ ಆಮೇಲೆ ಬರಲಿ. ಮೊದಲು ಸಂಬಂಧಗಳ ಹೆಸರುಗಳನ್ನೂ ದೇಹದ ನೋವುಗಳ ಹೆಸರುಗಳನ್ನೂ ಕನ್ನಡದಲ್ಲಿ ಕಲಿಸೋಣ. ಅಜ್ಜ ಅಜ್ಜಿಯರು ಬಂದಾಗ ಈ ಪಾಠವನ್ನು ಅವರಿಗೇ ಒಪ್ಪಿಸಿದರೆ ಅದಕ್ಕಿಂತ ಒಳ್ಳೆಯ ಗುರುಗಳು ಸಿಗಲಾರರು.